ಚೌರಪ್ಪನ ಹರಿಗೋಲಿನಲ್ಲಿ ಮಾತೆಯವರು ಮಲಗಿದ ದಿನ

ಪೂಜ್ಯ ಮಾತೆ ಬ್ರಿಜಿತಮ್ಮನವರು ಕಾವೇರಿ ಹೊಳೆಯ ಆಚೆ ದಡದ ಕಲ್ಗುಡ್ಡೆಯಲ್ಲಿ ಮೂರು ಮಂಚದ ಒಂದು ಆಸ್ಪತ್ರೆ ನಡೆಸುತ್ತಿದ್ದರು. ಆಸ್ಪತ್ರೆ ಎಂದರೆ ಹೆಸರಿಗೆ ಆಸ್ಪತ್ರೆ. ಹೆಂಚು ಎರಡು ಕಡೆ ಸೋರುತ್ತಿತ್ತು, ಬಾಗಿಲಿಗೆ ಚಿಲಕವಿರಲಿಲ್ಲ. ಮೂರು ಮಂಚವೂ ರೋಗಿಗಳಿಗೆ. ತಮಗೆ ಔಷಧಿ ಬೀರುವಿನ ಪಕ್ಕದ ಒಂದು ಮರದ ಬೆಂಚು. ಸುತ್ತಿನ ಐವತ್ತೆರಡು ಹಳ್ಳಿಯಲ್ಲಿ ಆ ತಾಯಿ ತೊಳೆಯದ ಗಾಯವಿಲ್ಲ, ಹಿಡಿಯದ ಕೂಸಿಲ್ಲ. ಹಾವು ಕಚ್ಚಿದವನೊಬ್ಬ ಅವರ ಹೆಸರು ಹೇಳಿಕೊಂಡೇ ಏಳು ಮೈಲಿ ನಡೆದು ಬಂದು, ಬಾಗಿಲಲ್ಲಿ ನಿಂತು "ಅಮ್ಮಾ, ಹಸಿವು" ಅಂದನಂತೆ. ವಿಷ ದಾರಿಯಲ್ಲೇ ಇಳಿದುಹೋಗಿತ್ತು. ನಂಬುವವರು ನಂಬಲಿ, ಬಿಡುವವರು ಬಿಡಲಿ. ಒಂದು ಮಾತನ್ನು ಮಾತ್ರ ಎರಡು ದಡದವರೂ ಒಪ್ಪುತ್ತಾರೆ: ಮಾತೆಯವರು ನಿದ್ದೆ ಮಾಡಿದ್ದನ್ನು ಕಂಡವರೇ ಇರಲಿಲ್ಲ. ಮೂವತ್ತು ವರ್ಷದಲ್ಲಿ ಎಂಥ ಹೊತ್ತಿನಲ್ಲಿ ಬಾಗಿಲು ತಟ್ಟಿದರೂ, ಎರಡನೆಯ ಸಲ ತಟ್ಟುವ ಮುಂಚೆಯೇ "ಬಂದೆ ಕಣಪ್ಪಾ" ಎನ್ನುತ್ತಿದ್ದರು.

ಈಚೆ ದಡದ ಹುಣಸೆಕಡದಲ್ಲಿ ಜನರನ್ನು ದಾಟಿಸುತ್ತಿದ್ದವನು ಚೌರಪ್ಪ. ಅವನಂಥ ಅಂಬಿಗ ಕೊಡಗಿನಿಂದ ಹಿಡಿದು ಸಮುದ್ರದ ತನಕ ಇನ್ನೊಬ್ಬನಿರಲಿಲ್ಲ. ತುಂಬು ಹೊಳೆಯಲ್ಲಿ ಒಂದು ಮದುವೆ ದಿಬ್ಬಣವನ್ನು, ವಾಲಗದವರು ಊದುತ್ತಿರುವಾಗಲೇ ದಾಟಿಸಿದ್ದ. ಮದುಮಗಳು ಮುಡಿದ ಹೂವಿಗೆ ಒಂದು ಹನಿ ತಾಕಿರಲಿಲ್ಲ. ಹರಿಗೋಲಿಗೆ ಮೂತಿಯಿಲ್ಲ, ಬಾಲವಿಲ್ಲ. ಬಿದಿರು ಹೆಣೆದು ಟಾರು ಬಳಿದ ದುಂಡು ಬುಟ್ಟಿ ಅದು. ಹುಟ್ಟು ಹಾಕುವವನ ಎರಡು ಕೈ, ಎರಡು ಕಣ್ಣೇ ಅದಕ್ಕೆ ದಿಕ್ಕು. ಒಂದು ಕೈ ಬಿಟ್ಟರೆ ಬುಗುರಿಯ ಹಾಗೆ ಸುತ್ತುತ್ತದೆ.

ಇಂಥವನ ಕೈಗೆ ಎರಡು ವರ್ಷದ ಹಿಂದೆ ಒಂದು ಫೋನು ಬಂತು. ಮೊದಮೊದಲು ಗಿರಾಕಿಗಳನ್ನು ಕಾಯುವಾಗ ನೋಡುತ್ತಿದ್ದ. ಆಮೇಲೆ ಗಿರಾಕಿಗಳೇ ಅವನನ್ನು ಕಾಯತೊಡಗಿದರು. ಒಂದು ವಿಡಿಯೋ ಮುಗಿಯಿತು ಎನ್ನುವಷ್ಟರಲ್ಲಿ ಹೆಬ್ಬೆರಳು ಇನ್ನೊಂದನ್ನು ಎಳೆದು ತರುತ್ತಿತ್ತು. ಕುಣಿಯುವವರು, ಬೈದಾಡುವವರು, ಬೆಕ್ಕು, ಬಿರಿಯಾನಿ, ರಾಶಿಫಲ. ಊಟಕ್ಕೆ ಕೂತವನು ಸಾರೆಂದುಕೊಂಡು ನೀರಿಗೇ ಮುದ್ದೆ ಅದ್ದಿ ಉಂಡು ಎದ್ದ. ಯೇಸುಸ್ವಾಮಿಯ ಗುಡಿಯಲ್ಲಿ ಭಾನುವಾರದ ಪೂಜೆಗೆ ಕಂಬದ ಮರೆಗೆ ಕೂತು ನೋಡುತ್ತಿದ್ದವನು ಪರಮಪ್ರಸಾದಕ್ಕೆ ಹೊತ್ತಾಯಿತೆಂದು ತಲೆಯೆತ್ತಿದರೆ ಗುಡಿಯೇ ಖಾಲಿ. ಕಸ ಗುಡಿಸುವವಳು "ಕಾಲೆತ್ತಣ್ಣ" ಎನ್ನುತ್ತಿದ್ದಳು. ಅಂದಿನಿಂದ ಗುಡಿಯ ಕಡೆ ಹೋಗುವುದನ್ನೇ ಬಿಟ್ಟ. ಕೊನೆಗೆ ಚಾಳಿ ನಡುಹೊಳೆಗೂ ಇಳಿಯಿತು. ಒಂದು ಕೈಯಲ್ಲಿ ಹುಟ್ಟು, ಒಂದು ಕೈಯಲ್ಲಿ ಫೋನು.

"ಲೋ ಚೌರ, ಆಚೆ ದಡ ಅದರೊಳಗೈತೇನ್ಲಾ?" ಎಂದು ಕಡವಿನಲ್ಲಿ ಮೀನು ಮಾರುವ ರಾಯಮ್ಮ ಕೂಗುತ್ತಿದ್ದಳು.

"ಇಪ್ಪತ್ತು ವರ್ಸ ಹುಟ್ಟು ಹಾಕಿದೋನ್ಗೆ ಕಣ್ಣು ಯಾಕವ್ವ ಬೇಕು?" ಎಂದು ಅವನು ತಲೆಯೆತ್ತದೆ ಹೇಳುತ್ತಿದ್ದ.

ಆ ಜಂಬವೇ ಅವನನ್ನು ತಿಂದಿತು.

ಅವನ ತಂಗಿ ಅಗ್ನೇಸಮ್ಮನನ್ನು ಆಚೆ ದಡದ ಕಲ್ಗುಡ್ಡೆಗೇ ಕೊಟ್ಟಿತ್ತು. ಅವಳಿಗೆ ಚೊಚ್ಚಲು ಹೆಣ್ಣುಕೂಸು ಹುಟ್ಟಿತು. ತಲೆಗೆ ನೀರು ಹೊಯ್ದು ಹೆಸರಿಡುವ ಜ್ಞಾನಸ್ನಾನ ಈಚೆ ದಡದ ಗುಡಿಯಲ್ಲಿ. ಆಗ ಕೂಸನ್ನು ಹಿಡಿದು ಜ್ಞಾನತಂದೆಯಾಗಿ ನಿಲ್ಲಬೇಕಾದವನು ಸೋದರಮಾವ ಚೌರಪ್ಪ. ಬಿಳಿ ಅಂಗಿ ತೊಡಿಸಿದ ಕೂಸನ್ನು ಮಡಿಲಲ್ಲಿಟ್ಟುಕೊಂಡು ಅಗ್ನೇಸಮ್ಮ ಅಣ್ಣನ ಹರಿಗೋಲಿನಲ್ಲಿ ಕೂತಳು. ಹೊಳೆಯ ನಡುವೆ ಫೋನು ಗುಂಯ್ ಎಂದಿತು. ಬಂಡೆ ಬಂದದ್ದು ಅವನಿಗೆ ಕಾಣಲಿಲ್ಲ. ಹರಿಗೋಲು ಬಡಿದು, ಒಂದು ಮಗ್ಗುಲಿಗೆ ವಾಲಿ, ನೀರು ಕುಡಿಯಿತು. ಕೂಸು ಮಡಿಲಿನಿಂದ ಜಾರಿ ಹೊಳೆಗೆ ಬಿತ್ತು. ಅಗ್ನೇಸಮ್ಮ ಚೀರುತ್ತಾ ಹಿಂದೆಯೇ ಹಾರಿದಳು. ದೇವರ ದಯೆ, ಬಂಡೆಯ ಬುಡದಲ್ಲಿ ಎದೆಮಟ್ಟದ ನೀರು. ಬಿಳಿ ಅಂಗಿಯ ಅಂಚು ಬೆರಳಿಗೆ ಸಿಕ್ಕಿತು. ಕೂಸು ಉಳಿಯಿತು. ಆದರೆ ದಡದಲ್ಲಿ ನೆರೆದಿದ್ದ ನಲವತ್ತು ಜನ ಕಂಡದ್ದು ಇನ್ನೊಂದನ್ನು. ವಾಲಿದ ಹರಿಗೋಲಿನಲ್ಲಿ ಚೌರಪ್ಪ ಒಂದು ಕೈಯನ್ನು ಮೇಲಕ್ಕೆ, ಆಕಾಶಕ್ಕೆ ಎತ್ತಿ ಹಿಡಿದಿದ್ದ. ಆ ಕೈಯಲ್ಲಿ ಫೋನಿತ್ತು. ಒಂದೇ ಗಳಿಗೆಯಲ್ಲಿ ಕೂಸು, ಫೋನು ಎರಡೂ ಹೊಳೆಗೆ ಬೀಳುವುದರಲ್ಲಿದ್ದವು; ಅವನ ಕೈ ಹೋದದ್ದು ಫೋನಿಗೆ.

ಅವನೇನು ಯೋಚಿಸಿ ಮಾಡಿದ್ದಲ್ಲ. ಯೋಚಿಸದೆ ಹಾಗೆ ಮಾಡಿದೆನಲ್ಲ ಎಂಬುದೇ ಅವನನ್ನು ಸುಟ್ಟಿತು.

ಈಚೆ ದಡಕ್ಕೆ ಬಂದ ಮೇಲೆ ಅಗ್ನೇಸಮ್ಮ ಬೈಯಲಿಲ್ಲ. ಕೂಸಿನ ಬಾಯಿ ಮೂಗು ಒರೆಸಿ, ಎದೆಗವಚಿಕೊಂಡು, "ನಿನ್ನ ಫೋನು ನೆನೀಲಿಲ್ವಲ್ಲ ಅಣ್ಣ?" ಎಂದಳು. ಅಷ್ಟೇ. ಬಸ್ಸು ಹತ್ತಿ, ಹದಿನಾಲ್ಕು ಮೈಲಿ ಸುತ್ತಿ, ಸೇತುವೆಯ ಮೇಲಿನಿಂದ ಗಂಡನ ಮನೆಗೆ ಹೋದಳು. ಜ್ಞಾನಸ್ನಾನ ನಿಂತುಹೋಯಿತು.

ಅಂದಿನಿಂದ ಚೌರಪ್ಪನ ಹರಿಗೋಲಿಗೆ ಯಾರೂ ಕಾಲಿಡಲಿಲ್ಲ. ಅವನು ಅದನ್ನು ದಡದಲ್ಲಿ ಬೋರಲು ಹಾಕಿ, ಪಕ್ಕದಲ್ಲಿ ಕೂತುಬಿಟ್ಟ. ಕೂಸು ಜಾರಿದ್ದು ಕಣ್ಣಿಗೆ ಕಟ್ಟಿದಾಗಲೆಲ್ಲ ಫೋನು ತೆಗೆಯುತ್ತಿದ್ದ; ತೆಗೆದದ್ದಕ್ಕೆ ಇನ್ನಷ್ಟು ನಾಚಿ, ಆ ನಾಚಿಕೆ ಮರೆಯಲು ಮತ್ತೆ ಅದನ್ನೇ ನೋಡುತ್ತಿದ್ದ. ಮೂರು ಸಲ ಹೊಳೆಗೆ ಬಿಸಾಡಲು ಹೋಗಿ ಮೂರು ಸಲವೂ ಜೇಬಿಗೆ ಇಟ್ಟುಕೊಂಡ. ಪಾಪನಿವೇದನೆ ಮಾಡೋಣವೆಂದು ಗುಡಿಯ ಬಾಗಿಲ ತನಕ ಹೋಗಿ ಹಿಂದಿರುಗಿದ. ಕುಡಿದೆ ಎನ್ನಬಹುದು, ಕದ್ದೆ ಎನ್ನಬಹುದು. ಇದನ್ನು ಏನೆಂದು ಹೇಳುವುದು? ರಾತ್ರಿ ಕಣ್ಣು ಮುಚ್ಚಿದರೆ ಹೆಬ್ಬೆರಳು ಒಂದೇ ಸಮನೆ ಅಲ್ಲಾಡುತ್ತಿತ್ತು.

ಹೀಗೆ ಹತ್ತೊಂಬತ್ತು ದಿನ ಕಳೆಯಿತು. ಇಪ್ಪತ್ತನೆಯ ದಿನ, ಮಟಮಟ ಮಧ್ಯಾಹ್ನ, ಮಾತೆ ಬ್ರಿಜಿತಮ್ಮನವರು ಕಡವಿಗೆ ಬಂದರು. ಈಚೆ ದಡದಲ್ಲಿ ಒಬ್ಬಳಿಗೆ ಹೆರಿಗೆ ಕಷ್ಟವಾಗಿ, ಮೂರು ಹಗಲು ಮೂರು ರಾತ್ರಿ ಅವಳ ತಲೆದೆಸೆಯಲ್ಲಿ ಕೂತಿದ್ದು, ತಾಯಿ ಮಗು ಇಬ್ಬರನ್ನೂ ಉಳಿಸಿ ಹಿಂದಿರುಗುತ್ತಿದ್ದರು. ಇನ್ನೊಬ್ಬ ಅಂಬಿಗ ದಾಸಪ್ಪ ತನ್ನ ಹರಿಗೋಲನ್ನು ಆಗಲೇ ನೀರಿಗಿಳಿಸಿ, "ಬನ್ನಿ ಅಮ್ಮಾ, ಇತ್ಲಾಗೆ ಬನ್ನಿ" ಎಂದು ಕರೆದ. ಮಾತೆಯವರು ಅವನಿಗೆ ಕೈಮುಗಿದು, ಅವನನ್ನು ದಾಟಿ ಮುಂದೆ ನಡೆದರು. ಬೋರಲು ಬಿದ್ದ ಹರಿಗೋಲಿನ ಬೆನ್ನನ್ನು, ಮನೆಯ ಬಾಗಿಲು ತಟ್ಟುವ ಹಾಗೆ ಎರಡು ಸಲ ತಟ್ಟಿದರು.

"ಚೌರಪ್ಪಾ, ಇದನ್ನು ಮಗುಚು. ನಾನು ಮನೆಗೆ ಹೋಗಬೇಕು."

ಚೌರಪ್ಪ ದಡಬಡಿಸಿ ಎದ್ದು, ಫೋನನ್ನು ಬೆನ್ನ ಹಿಂದೆ ಅಡಗಿಸಿದ. "ಬ್ಯಾಡಿ ಅಮ್ಮಾ. ನಿಮ್ಗೆ ಗೊತ್ತಿಲ್ಲ. ಕೂಸ ಬಿಟ್ಟು ಇದ್ನ ಹಿಡ್ದ ಕೈ ಇದು. ಈಗ್ಲೂ ನೋಡ್ತಾನೇ ಇದ್ದೆ. ದಾಸಪ್ಪನ ಜೊತೆ ಹೋಗಿ."

"ಅಮ್ಮಾ, ಅವನು ದಾಟಿಸಾಕಿಲ್ಲ, ಮುಳುಗಿಸ್ತಾನೆ!" ಎಂದು ರಾಯಮ್ಮ ಮೀನಿನ ಬುಟ್ಟಿ ಬಿಟ್ಟು ಓಡಿಬಂದಳು.

ಮಾತೆಯವರು ಅವಳ ಕಡೆ ತಿರುಗಲಿಲ್ಲ. ಚೌರಪ್ಪನನ್ನೇ ನೋಡಿ, ಮೆಲ್ಲಗೆ ಹೇಳಿದರು: "ಶಿಷ್ಯನಾದ ಪೇತ್ರನು ಮುಂದೆ ಮೂರು ಸಲ 'ಇವರನ್ನು ಅರಿಯೆ' ಎನ್ನುತ್ತಾನೆಂದು ಯೇಸುಸ್ವಾಮಿಗೆ ಗೊತ್ತಿರಲಿಲ್ಲವೇ? ಗೊತ್ತಿದ್ದೂ ಅವನಿದ್ದ ದೋಣಿಯಲ್ಲಿ ತಲೆಯಿಟ್ಟು ಮಲಗಿದರು. ನಾನೇನು ಸ್ವಾಮಿಗಿಂತ ಬುದ್ಧಿವಂತಳೇನಪ್ಪಾ?"

ಚೌರಪ್ಪ ಫೋನನ್ನು ಜೇಬಿಗಿಳಿಸಿದ. ಹರಿಗೋಲು ಮಗುಚಿ ನೀರಿಗಿಳಿಸಿದ. ಮಾತೆಯವರು ಹತ್ತಿ, ಔಷಧಿಯ ಚೀಲವನ್ನು ತಲೆದಿಂಬು ಮಾಡಿಕೊಂಡು, ಕಾಲು ಮುದುರಿ, ನಿದ್ದೆಹೋದರು. ಹೌದು, ನಿದ್ದೆಯೇ. ಹರಿಗೋಲು ದಡ ಬಿಡುವ ಮೊದಲೇ ಸಣ್ಣಗೆ ಗೊರಕೆ ಕೇಳಿಸಿತು. ರಾಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮೊದಲ ಇಪ್ಪತ್ತು ಮಾರು ಚೌರಪ್ಪ ಎರಡು ಕೈಯಲ್ಲೂ ಹುಟ್ಟು ಹಾಕಿದ. ನಡುಹೊಳೆ ಹತ್ತಿರ ಬಂದಾಗ ಜೇಬಿನಲ್ಲಿ ಫೋನು ಗುಂಯ್ ಎಂದಿತು. ಎಂಥ ನಾಚಿಕೆಗೇಡು ಕೇಳಿ: ಇಷ್ಟಾದ ಮೇಲೂ ಅವನ ಬಲಗೈ ಹುಟ್ಟು ಬಿಟ್ಟು ತಾನಾಗಿಯೇ ಜೇಬಿಗೆ ಹೋಯಿತು. ಹರಿಗೋಲು ಅರ್ಧ ಸುತ್ತು ತಿರುಗಿತು. ನೆತ್ತಿಯಿಂದ ವಾಲಿದ ಬಿಸಿಲು ನೇರವಾಗಿ ಮಲಗಿದವರ ಮುಖಕ್ಕೆ ಬಿತ್ತು. ಮಾತೆಯವರು ಎಚ್ಚರಗೊಳ್ಳಲಿಲ್ಲ, ಹುಬ್ಬು ಗಂಟಿಕ್ಕಿ, ಕೂಸಿನ ಹಾಗೆ ಮುಖ ಅತ್ತಿತ್ತ ಹೊರಳಿಸಿದರು. ಚೌರಪ್ಪ ಆ ಮುಖ ನೋಡಿದ. ಎಲುಬು ಎದ್ದ ಕೆನ್ನೆ, ಕಣ್ಣ ಕೆಳಗೆ ಮೂರು ದಿನದ ಕಪ್ಪು. ಐವತ್ತೆರಡು ಹಳ್ಳಿಯ ಜೀವ ಹಿಡಿದುಕೊಂಡಿದ್ದ ತಾಯಿ ತಮ್ಮ ಜೀವವನ್ನು ತನ್ನಂಥವನ ಕೈಗೆ ಕೊಟ್ಟು ಮಲಗಿದ್ದಾರೆ.

ಜೇಬಿನಿಂದ ಕೈ ಹೊರಗೆ ಬಂತು, ಬರಿದಾಗಿ.

ಬಿಸಿಲಿಗೆ ಬೆನ್ನು ಕೊಟ್ಟು ತನ್ನ ನೆರಳು ಆ ಮುಖದ ಮೇಲೆ ಬೀಳುವ ಹಾಗೆ ಕೂತ. ಹಾಗೆ ಕೂತರೆ ಹೋಗಬೇಕಾದ ದಡ ಬೆನ್ನಿಗಾಗುತ್ತದೆ; ನೀರನ್ನು ಎಳೆಯುವ ಬದಲು ತಳ್ಳಬೇಕು, ತೋಳು ಕಿತ್ತುಬರುತ್ತದೆ. ಹರಿಗೋಲು ಒಂದು ಬೆರಳಷ್ಟು ತಿರುಗಿದರೂ ನೆರಳು ತಪ್ಪುತ್ತದೆ. ಅವನು ತಪ್ಪಲು ಬಿಡಲಿಲ್ಲ. ಸುಳಿಯಲ್ಲೂ ಬಿಡಲಿಲ್ಲ, ಸೆಳವಿನಲ್ಲೂ ಬಿಡಲಿಲ್ಲ. ಫೋನು ಜೇಬಿನಲ್ಲಿ ಗಾಳಕ್ಕೆ ಸಿಕ್ಕ ಮೀನಿನ ಹಾಗೆ ಒದ್ದಾಡಿತು, ಒದ್ದಾಡಿ ಸುಮ್ಮನಾಯಿತು. ನೋಡುತ್ತಾ ನೋಡುತ್ತಾ ಅವನ ಎದೆಯೊಳಗಿನ ಗದ್ದಲವೂ ಇಳಿಯಿತು. ಎರಡು ವರ್ಷದಲ್ಲಿ ಮೊದಲ ಸಲ ಹುಟ್ಟಿನಿಂದ ನೀರು ತೊಟ್ಟಿಕ್ಕುವ ಸದ್ದು ಅವನಿಗೆ ಕೇಳಿಸಿತು. ಬಾಯಿಗೆ ತಾನಾಗಿ ಜಪ ಬಂತು.

ಆಚೆ ದಡ ಮುಟ್ಟಿದಾಗ ಎಬ್ಬಿಸಲು ಮನಸ್ಸಾಗಲಿಲ್ಲ. ಸೊಂಟಮಟ್ಟದ ನೀರಿಗಿಳಿದು, ಹರಿಗೋಲು ಅಲುಗದ ಹಾಗೆ ಅಂಚು ಹಿಡಿದು ನಿಂತ. ಒಂದು ಗಂಟೆ ನಿಂತ ಎನ್ನುವವರಿದ್ದಾರೆ. ರಾಯಮ್ಮ ಮೂರು ಗಂಟೆ ಎಂದು ಆಣೆಯಿಡುತ್ತಾಳೆ, ಮೀನು ಕಾಲು ಕಚ್ಚಿದರೂ ಕದಲಲಿಲ್ಲವಂತೆ. ಎರಡು ದಡದಲ್ಲೂ ಜನ ಕೂಡಿದರು. ಯಾರೂ ಕೆಮ್ಮಲಿಲ್ಲ. ಕೂಸಿಗೆ ಸೂಜಿ ಹಾಕಿಸಲು ಆಸ್ಪತ್ರೆಗೆ ಬಂದು ಮಾತೆಯವರನ್ನು ಕಾಯುತ್ತಿದ್ದ ಅಗ್ನೇಸಮ್ಮನೂ ಆ ಗುಂಪಿನಲ್ಲಿದ್ದಳು. ಚೌರಪ್ಪ ಅವಳನ್ನು ಕಂಡ. ಕಂಡು ತಲೆ ತಗ್ಗಿಸಿದ. ಕಣ್ಣೀರು ಇಳಿದು ಹೊಳೆಗೆ ಬೀಳುತ್ತಿತ್ತು. ಒರೆಸಿಕೊಳ್ಳಲು ಅಂಚು ಬಿಡುವಂತಿರಲಿಲ್ಲ.

ಮಾತೆಯವರು ಎಚ್ಚರಗೊಂಡು, ಸುತ್ತ ನೋಡಿ, "ಯಾಕಪ್ಪ ಎಬ್ಬಿಸಲಿಲ್ಲ?" ಎಂದರು.

"ಮನಸ್ಸು ಬರ್ಲಿಲ್ಲ ಅಮ್ಮಾ."

"ನೀನು ನೆಮ್ಮದಿಯಾಗಿ ಮಲಗಿ ಎಷ್ಟು ದಿನವಾಯಿತು?"

"ಎರಡು ವರ್ಸ ಆಯ್ತು."

"ಹಾಗಾದರೆ ಗುಡಿಯ ಗುರುಗಳ ಹತ್ತಿರ ಹೋಗಿ, ಕಡವಿನಲ್ಲಿ ನನಗೆ ಹೇಳಿದೆಯಲ್ಲ, ಅದನ್ನೇ ಹೇಳು. ಹೇಳಿ ಮಲಗಿಕೋ. ಸ್ವಾಮಿ ಎಚ್ಚರವಾಗಿರುತ್ತಾರೆ."

ಇಷ್ಟು ಹೇಳಿ, ಚೀಲ ಹೆಗಲಿಗೇರಿಸಿ, ರೋಗಿಗಳು ಕಾಯುತ್ತಿದ್ದಾರೆಂದು ನಡೆದುಬಿಟ್ಟರು.

ಅಂದು ಸಂಜೆ ಚೌರಪ್ಪ ಪಾಪನಿವೇದನೆ ಮಾಡಿದ. ಗುಡಿಯ ಜಗಲಿಯ ಮೇಲೆ ಹಾಗೇ ಒರಗಿದವನನ್ನು ಎಬ್ಬಿಸಿದ್ದು ಬೆಳಗಿನ ಪ್ರಾರ್ಥನೆಯ ಗಂಟೆ. ಹಂಬಲ ಒಂದೇ ದಿನಕ್ಕೆ ಹೋಯಿತೆಂದರೆ ಸುಳ್ಳಾಗುತ್ತದೆ. ಹೊಳೆಗಿಳಿಯುವ ಮುಂಚೆ ಫೋನನ್ನು ಹೆಂಡತಿಯ ಕೈಗೆ ಕೊಟ್ಟು, ಮಾರು ದೂರ ಹೋಗಿ, ತಿರುಗಿ ನೋಡಿ, ನಾಚಿಕೊಂಡು ಹೋಗುತ್ತಿದ್ದ. ಎಷ್ಟೋ ತಿಂಗಳು ಹಾಗೆಯೇ ನಡೆಯಿತು.

ಮಾತೆಯವರನ್ನು ದಾಟಿಸಿದ ಎರಡು ವಾರದ ಮೇಲೆ, ಒಂದು ಭಾನುವಾರ ಬೆಳಗ್ಗೆ, ಆಚೆ ದಡದಲ್ಲಿ ಅಗ್ನೇಸಮ್ಮ ಕೂಸಿನೊಂದಿಗೆ ನಿಂತಿದ್ದಳು. ಅಣ್ಣನ ಹರಿಗೋಲು ಹತ್ತಿದಳು. ಕೂಸನ್ನು ಸೀರೆಯ ತುಂಡಿನಿಂದ ಎದೆಗೆ ಕಟ್ಟಿಕೊಂಡಿದ್ದಳು, ಒಂದರ ಮೇಲೊಂದು ಎರಡು ಗಂಟು. ಚೌರಪ್ಪ ಆ ಗಂಟುಗಳನ್ನು ನೋಡಿದ. ಮುಖ ಕಪ್ಪಿಟ್ಟಿತು. ಸರಿಯೇ ಅಂದುಕೊಂಡು ಹುಟ್ಟು ಹಾಕಿದ.

ಗುಡಿಯ ಬಾಗಿಲಲ್ಲಿ ಗುರುಗಳು ಕೇಳಿದರು: "ಜ್ಞಾನತಂದೆ ಯಾರು?"

ಚೌರಪ್ಪ ಜನರ ಹಿಂದೆ, ಚಪ್ಪಲಿ ಬಿಡುವ ಜಾಗದಲ್ಲಿ ನೆಲ ನೋಡುತ್ತಾ ನಿಂತಿದ್ದ. ಅಗ್ನೇಸಮ್ಮನ ಮೈದುನ ಅಂಗಿ ಸರಿಮಾಡಿಕೊಂಡು ಮುಂದೆ ಬಂದ. ಅವಳು ಅವನನ್ನು ಕೈಸನ್ನೆಯಲ್ಲಿ ತಡೆದಳು. ಒಂದು ಗಂಟು ಬಿಚ್ಚಿದಳು. ಇನ್ನೊಂದು ಬಿಗಿದುಕೊಂಡಿತ್ತು, ಹಲ್ಲು ಹಾಕಿ ಬಿಚ್ಚಬೇಕಾಯಿತು, ಗುರುಗಳು ಕಾದರು.

"ಬಾ ಅಣ್ಣ," ಎಂದಳು. "ಹಿಡ್ಕೋ."

ಚೌರಪ್ಪ ಎರಡು ಕೈಯನ್ನೂ ಚಾಚಿ ಕೂಸನ್ನು ತೆಗೆದುಕೊಂಡ. ಗುರುಗಳು ನೀರು ಹೊಯ್ಯುವಾಗಲೂ, ಹೊಯ್ದ ಮೇಲೂ, ಕೂಸು ಚೀರಿ ಚೀರಿ ಸುಮ್ಮನಾಗುವವರೆಗೂ ಅವನು ಅದರ ಮುಖದಿಂದ ಕಣ್ಣು ಕೀಳಲಿಲ್ಲ. ಪೂಜ್ಯ ಬ್ರಿಜಿತಮ್ಮನವರ ಪ್ರಾರ್ಥನೆ ಎರಡು ದಡದವರನ್ನೂ ಕಾಯಲಿ.