ಷಟರ್ ಎಳೆಯಲು ಎದ್ದ ವ್ಯಾಪಾರಿ

"ಸರ್, ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ ಕೊಟ್ಟರೆ ರೋಗಿಯ ಬುದ್ಧಿ ಭ್ರಮಿಸದಂತೆ ತಡೆಯಬಹುದೇ?"

ಕೇಳಿದವಳು ನೀಲಾಂಬಿಕೆ, ತೀವ್ರ ನಿಗಾ ಘಟಕದಲ್ಲಿ ಕಲಿಯುತ್ತಿದ್ದ ವೈದ್ಯೆ. ಅವಳ ಗುರು ಬಸವಂತಪ್ಪನವರು ಕೂರಲು ಹೇಳಿದರು. ಅವಳು ಕೂರಲಿಲ್ಲ. ಕಿಟಕಿಯವರೆಗೆ ಹೋದಳು, ಮರಳಿ ಬಂದಳು.

"ಮೂಲೆ ಹಾಸಿಗೆಯ ಅಜ್ಜಿ ನಿನ್ನೆ ಸರಿಯಾಗಿಯೇ ಇದ್ದರು ಸರ್. ಬೆಳಿಗ್ಗೆಯಿಂದ ದೀಪ ಹಾಕಿ, ದೀಪ ಹಾಕಿ ಎಂದು ಒಂದೇ ಸಮನೆ ಕೂಗುತ್ತಿದ್ದಾರೆ. ದೀಪಗಳೆಲ್ಲ ಉರಿಯುತ್ತಲೇ ಇವೆ. ಕೈಗೆ ಚುಚ್ಚಿದ್ದ ಸೂಜಿಯನ್ನೂ ಕಿತ್ತುಕೊಂಡರು. ನನಗೆ ಭಯವಾಗುತ್ತಿದೆ. ಹೊರಗೆ ಅವರ ಮಗಳು ಒಂದು ಕವರ್ ಹಿಡಿದುಕೊಂಡು ಅಡ್ಡ ಬಂದರು. ಆಮೇಲೆ ಎಂದು ಹೇಳಿ ನಿಮ್ಮ ಹತ್ತಿರ ಓಡಿ ಬಂದೆ. ಮಾತ್ರೆ ಶುರು ಮಾಡಲೇ?"

"ನೀನು ಕೂರುವವಳಲ್ಲ. ನಿಂತೇ ಕೇಳು," ಎಂದು ಗುರುಗಳು ಕತೆ ಹೇಳಿದರು.

"ಒಬ್ಬ ಕಿರಾಣಿ ವ್ಯಾಪಾರಿ ಇದ್ದ. ಶ್ವಾಸಕೋಶದ ಸೋಂಕು ಹಿಡಿದು ಆಸ್ಪತ್ರೆ ಸೇರಿದ. ಒಳಗೆ ಕರೆದೊಯ್ಯುವಾಗ ಅವನ ಮೈಮೇಲಿದ್ದುದನ್ನೆಲ್ಲ ಬಿಚ್ಚಿ, ಒಂದು ಕವರಿಗೆ ಹಾಕಿ, ಹೆಂಡತಿಯ ಕೈಗೆ ಕೊಟ್ಟರು. ಜೋಪಾನ ಎಂದರು. ಆಕೆ ಜೋಪಾನ ಮಾಡಿದಳು. ಹೊರಗಿನ ಬೆಂಚಿನ ಮೇಲೆ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

ಒಳಗೆ ವ್ಯಾಪಾರಿಯ ಬುದ್ಧಿ ಕದಡಿತು. ಮುಖ ಮುಚ್ಚಿಕೊಂಡವರು ಅಂಗಡಿಗೆ ನುಗ್ಗಿದ್ದಾರೆ, ಷಟರ್ ಎಳೀಬೇಕು ಬಿಡಿ ಎಂದು ಏಳಲು ಹೋದ. ಆಮ್ಲಜನಕದ ನಳಿಕೆ ಕಿತ್ತ. ಅವನ ಕೈಯನ್ನು ಮಂಚಕ್ಕೆ ಕಟ್ಟಿದರು. ಕಟ್ಟಿದ ಮೇಲಂತೂ ಇವರು ಕಳ್ಳರೇ ಎಂದು ಅವನಿಗೆ ಖಾತ್ರಿಯಾಯಿತು. ಇನ್ನೂ ಜೋರಾಗಿ ಒದ್ದಾಡಿದ. ಉಸಿರು ಮೊದಲೇ ಸಾಲದು. ಹೀಗೇ ಒದ್ದಾಡಿದರೆ ಅವನು ಉಳಿಯುವುದು ಕಷ್ಟವಿತ್ತು.

ಅವನ ವೈದ್ಯ ನಿನ್ನಂಥವನೇ. ಒಳ್ಳೆಯವನು, ನಿಂತಲ್ಲಿ ನಿಲ್ಲದವನು. ಕೊಲೆಸ್ಟ್ರಾಲ್ ಮಾತ್ರೆ ಮಿದುಳಿನ ಉರಿಯೂತವನ್ನೂ ತಗ್ಗಿಸೀತು ಎಂದು ಎಲ್ಲೋ ಓದಿದ್ದ. ಶುರು ಮಾಡಿದ. ಹೋಗಿ ನೋಡಿದ, ಬಂದ, ಮತ್ತೆ ಹೋಗಿ ನೋಡಿದ. ಹೋದಾಗಲೆಲ್ಲ, ನಾನು ಯಾರು ಹೇಳಿ ಎಂದು ಕೇಳಿದ. ಕಳ್ಳ, ಕಳ್ಳ ಎಂದೇ ಕೂಗಿದ ವ್ಯಾಪಾರಿ.

ಮಾತ್ರೆಯನ್ನು ನಾನು ಹಳಿಯುತ್ತಿಲ್ಲಮ್ಮ. ಹೃದಯಕ್ಕೆಂದು ಮೊದಲಿನಿಂದ ನುಂಗುತ್ತಿದ್ದವರಿಗೆ ಕಾರಣವಿಲ್ಲದೆ ಅದನ್ನು ನಿಲ್ಲಿಸಬಾರದು. ಹೊಸದಾಗಿ ಕೊಟ್ಟರೆ ಭ್ರಮೆ ತಡೆಯುತ್ತದೆ ಎಂದು ಕೆಲವರು ಆಸೆಪಟ್ಟರು. ಕೊಟ್ಟು ಪರೀಕ್ಷಿಸಿದವರಿಗೆ ಆ ಗುಣ ಕಾಣಲಿಲ್ಲ. ಈ ವೈದ್ಯನಿಗೂ ಕಾಣಲಿಲ್ಲ.

ವೈದ್ಯ ತಲೆ ಕೆಟ್ಟು ಹೊರಗೆ ಬಂದ. ಬೆಂಚಿನಿಂದ ಹೆಂಡತಿ ಎದ್ದಳು. 'ಡಾಕ್ಟ್ರೇ, ಕನ್ನಡಕ ಇಲ್ಲದಿದ್ದರೆ ಇವರಿಗೆ ಎದುರಿಗಿರುವ ಮನುಷ್ಯ ಕಾಣುವುದಿಲ್ಲ. ಕಿವಿಯ ಮಿಷನ್ ಇಲ್ಲದಿದ್ದರೆ ಮಾತು ಕೇಳುವುದಿಲ್ಲ. ಎರಡೂ ಈ ಕವರಿನಲ್ಲೇ ಇವೆ. ಜೋಪಾನ ಅಂದಿದ್ದಿರಿ.'

'ಮೊದಲೇ ಹೇಳಬಾರದಿತ್ತೇನಮ್ಮ?'

'ನೀವು ನಿಂತರೆ ತಾನೇ ಹೇಳೋದು.'

ವೈದ್ಯ ಆಕೆಯನ್ನು ಒಳಗೆ ಕರೆದೊಯ್ದ. ಆಕೆ ಗಂಡನಿಗೆ ಕನ್ನಡಕ ಹಾಕಿದಳು, ಕಿವಿಗೆ ಮಿಷನ್ ಸಿಕ್ಕಿಸಿದಳು. ವ್ಯಾಪಾರಿ ಬಹಳ ಹೊತ್ತು ಅವಳ ಮುಖ ನೋಡಿದ. ಅಂಗಡಿ ಬಾಗಿಲು ಹಾಕಿದೆಯಾ ಎಂದು ಕೇಳಿದ. ಹಾಕಿದೆ, ಬೀಗದ ಕೈ ನನ್ನ ಹತ್ತಿರವೇ ಇದೆ ಎಂದಳು. ಕೈಗೆ ಕಟ್ಟಿದ್ದನ್ನು ಬಿಚ್ಚಿದರು. ಭ್ರಮೆ ಅಂದೇ ಬಿಡಲಿಲ್ಲ. ಸಂಜೆ ಮತ್ತೆ ಕಳ್ಳರು ಬಂದರು. ಆದರೆ ಅವಳ ಮುಖ ಕಂಡಾಗಲೆಲ್ಲ ಅವನು ಸುಮ್ಮನಾದ. ನಳಿಕೆ ಮೂಗಿನಲ್ಲೇ ನಿಂತಿತು, ಅವನೂ ಉಳಿದ."

ಕತೆ ಮುಗಿಯಿತು. "ಹಾಗಾದರೆ ಅಜ್ಜಿಗೆ ಮಾತ್ರೆ ಬೇಡವೇ, ಸರ್?" ಎಂದಳು ನೀಲಾಂಬಿಕೆ. ಅವಳ ಕಾಲು ಆಗಲೇ ಬಾಗಿಲ ಕಡೆ ತಿರುಗಿತ್ತು.

"ಆಮೇಲೆ ಎಂದು ಹೇಳಿ ಬಂದೆಯಲ್ಲ, ಆ ಮಗಳ ಕವರಿನಲ್ಲಿ ಏನಿತ್ತು?" ಎಂದು ಕೇಳಿದರು ಗುರುಗಳು.