ಸೂಜಪ್ಪ ಮೇಷ್ಟ್ರು ಬಿಲದೊಳಗೆ ಹೋದರು

ಒಂದು ಕಾಡಿನಲ್ಲಿ ಮರಿಗಳಿಗೆ ಬಿಲ ತೋಡುವುದನ್ನು ಕಲಿಸುವ ಮುಳ್ಳುಹಂದಿಯೊಂದಿತ್ತು. ಎಲ್ಲರೂ ಅವರನ್ನು ಸೂಜಪ್ಪ ಮೇಷ್ಟ್ರು ಎನ್ನುತ್ತಿದ್ದರು.

ಮಳೆಗಾಲಕ್ಕೆ ಮುಂಚೆ ಪರೀಕ್ಷೆ ಬಂತು. ಅದಕ್ಕೆ ಪ್ರತಿ ಮರಿಯೂ ಒಂದೊಂದು ಬಿಲ ತೋಡಿಡಬೇಕಿತ್ತು. ನೀರು ನುಗ್ಗದ ಎತ್ತರದ ದಿಬ್ಬದಲ್ಲಿ ವಾಸಕ್ಕೆ ಒಂದೇ ಜಾಗ ಉಳಿದಿತ್ತು. ಹೆಚ್ಚು ಅಂಕ ಪಡೆದವರಿಗೆ ಆ ಜಾಗ ಎಂದು ಮೇಷ್ಟ್ರು ಹೇಳಿದ್ದರು.

ಕೆಂಚ ಎಂಬ ನರಿಮರಿ ಮಾತಿನಲ್ಲಿ ಬಲು ಜಾಣ. ಚಿಕ್ಕಿ ಎಂಬ ಚಿಪ್ಪುಹಂದಿಯ ಮರಿಗೆ ಮಾತೆಂದರೆ ಅಂಜಿಕೆ. ಮೇಷ್ಟ್ರು ಏನಾದರೂ ಕೇಳಿದರೆ ಸಾಕು, ಚೆಂಡಿನಂತೆ ಸುರುಳಿ ಸುತ್ತಿಕೊಳ್ಳುತ್ತಿತ್ತು. ಅದು ದಡ್ಡ ಮರಿ ಎಂದು ಮೇಷ್ಟ್ರು ಎಂದೋ ತೀರ್ಮಾನಿಸಿಬಿಟ್ಟಿದ್ದರು.

ಪರೀಕ್ಷೆಯ ದಿನ ಕೆಂಚ ತನ್ನ ಬಿಲದ ಬಾಯಲ್ಲೇ ನಿಂತು, ಒಳಗೆ ಮೂರು ತಿರುವುಗಳಿವೆ, ಹಿಂದೆ ಇನ್ನೊಂದು ಬಾಗಿಲಿದೆ ಎಂದು ಸೊಗಸಾಗಿ ವಿವರಿಸಿತು. ಮೇಷ್ಟ್ರು ತಲೆದೂಗಿ ಹತ್ತಕ್ಕೆ ಹತ್ತು ಕೊಟ್ಟರು. ಚಿಕ್ಕಿಯ ಬಿಲದ ಮುಂದೆ ಮಣ್ಣಿನ ರಾಶಿ ಬಿದ್ದಿತ್ತು. ಒಳಗೆ ಏನೇನಿದೆ ಎಂದು ಕೇಳಿದರೆ ಅದು ಸುರುಳಿ ಸುತ್ತಿಕೊಂಡಿತು. ಮೂರು ಅಂಕ ಸಿಕ್ಕಿತು.

ಎಲ್ಲರೂ ಹೋದ ಮೇಲೆ ಚಿಕ್ಕಿ ಮೆಲ್ಲಗೆ ಬಂದು, "ಮೇಷ್ಟ್ರೇ, ನನಗೆ ಮಾತು ಬರೋದಿಲ್ಲ. ಆದರೆ ಪರೀಕ್ಷೆ ಇದ್ದದ್ದು ಬಿಲದ್ದಲ್ಲವಾ?" ಎಂದಿತು.

ಕೊಟ್ಟ ಅಂಕ ಕೊಟ್ಟಾಯಿತು ಎಂದು ಮೇಷ್ಟ್ರು ಗದರಿ ಕಳಿಸಿದರು. ಆದರೂ ಆ ಮಾತು ಅವರ ಮನಸ್ಸಿನಿಂದ ಹೋಗಲಿಲ್ಲ. ತಾವು ಯಾರ ಬಿಲದೊಳಗೂ ಕಾಲಿಟ್ಟಿರಲಿಲ್ಲ ಎಂಬುದು ಆಗ ನೆನಪಾಯಿತು.

ಮರುದಿನ ಅವರು ಎಲ್ಲರನ್ನೂ ಕರೆದು, ಮೊದಲು ಕೆಂಚನ ಬಿಲದೊಳಗೆ ನುಗ್ಗಿದರು. ನಾಲ್ಕು ಹೆಜ್ಜೆಗೇ ಬಿಲ ಮುಗಿದಿತ್ತು. ತಕ್ಷಣ ಕೆಂಚ ಅಳುಮುಖ ಮಾಡಿಕೊಂಡು, ಹೊಟ್ಟೆಕಿಚ್ಚಿನಿಂದ ಚಿಕ್ಕಿಯೇ ಬಂದು ತನ್ನ ಬಿಲವನ್ನು ಕೆಡವಿ ಮುಚ್ಚಿರಬೇಕು ಎಂದಿತು. ಮರಿಗಳೆಲ್ಲ ಚಿಕ್ಕಿಯತ್ತ ತಿರುಗಿದವು. ಅದು ಮತ್ತೆ ಸುರುಳಿ ಸುತ್ತಿಕೊಂಡಿತು.

"ಕುಸಿದಿದ್ದರೆ ಮಣ್ಣು ಸಡಿಲವಾಗಿರಬೇಕಿತ್ತು ಕೆಂಚ," ಎಂದರು ಮೇಷ್ಟ್ರು. "ಒಳಗಿನ ಗೋಡೆಯಲ್ಲಿ ಹುಲ್ಲಿನ ಬೇರು ಕೂಡ ಹರಿದಿಲ್ಲ. ಯಾರ ಉಗುರೂ ಅಲ್ಲಿ ತಾಕಿಲ್ಲ."

ಕೆಂಚ ಮೆಲ್ಲಗೆ ಮರಿಗಳ ಹಿಂದೆ ಸರಿಯಿತು.

ಮೇಷ್ಟ್ರು ಚಿಕ್ಕಿಯ ಬಿಲದೊಳಗೆ ಹೋದರು. ಬಹಳ ಹೊತ್ತು ಬರಲೇ ಇಲ್ಲ. ಕೊನೆಗೆ ಮೈತುಂಬ ಮಣ್ಣಾಗಿ ಹಿಂದಿನ ಪೊದೆಯ ಕಡೆಯಿಂದ ಹೊರಬಂದರು. ಸುರುಳಿಯಾಗಿದ್ದ ಚಿಕ್ಕಿಯ ಪಕ್ಕದಲ್ಲಿ ಕುಳಿತು, ನಡುವೆ ಬಂಡೆ ಸಿಕ್ಕಾಗ ಏನು ಮಾಡಿದೆ ಎಂದು ಕೇಳಿದರು.

"ಬಂಡೆಯನ್ನು ಬಳಸಿಕೊಂಡು ತೋಡುತ್ತಾ ಹೋದೆ ಮೇಷ್ಟ್ರೇ. ಎರಡು ದಿನ ಹಿಡಿಯಿತು," ಎಂಬ ಸಣ್ಣ ದನಿ ಚಿಪ್ಪುಗಳ ಒಳಗಿಂದ ಬಂತು.

ಮೇಷ್ಟ್ರು ಎಲ್ಲರೆದುರು ತಮ್ಮ ತಪ್ಪು ಒಪ್ಪಿಕೊಂಡರು. ಚಿಕ್ಕಿಗೆ ಒಂಬತ್ತು ಅಂಕ ಬಂತು, ದಿಬ್ಬದ ಜಾಗವೂ ಸಿಕ್ಕಿತು. ಬಾಗಿಲ ಮಣ್ಣು ತೆಗೆಯದೆ ಬಿಟ್ಟದ್ದಕ್ಕೆ ಒಂದು ಅಂಕ ಹೋಯಿತು. ಕೆಂಚನಿಗೆ ಸೊನ್ನೆ ಕೊಡಿ ಎಂದು ಮರಿಗಳು ಕೂಗಿದವು. ಮೇಷ್ಟ್ರು ಎರಡು ಅಂಕ ಕೊಟ್ಟರು.

"ಬಿಲದ ಬಾಯಿ ಚೆನ್ನಾಗಿ ತೋಡಿದ್ದಾನೆ. ಅಷ್ಟು ಅವನದೇ. ಸುಳ್ಳಿಗೆ ಶಿಕ್ಷೆ ಬೇರೆ ಇದೆ," ಎಂದರು.

ಕೆಂಚ ಚಿಕ್ಕಿಯ ಕ್ಷಮೆ ಕೇಳಿತು. ಶಿಕ್ಷೆಯಾಗಿ ಆ ಮಳೆಗಾಲವೆಲ್ಲ ತಗ್ಗಿನ ಕೆಸರಿನಲ್ಲಿ ಕುಳಿತು ಮೊದಲ ಪಾಠದಿಂದ ಮತ್ತೆ ಕಲಿಯಿತು.

ಮೇಷ್ಟ್ರೂ ಒಂದು ಪಾಠ ಕಲಿತರು. ಮುಂದಿನ ಪರೀಕ್ಷೆಗಳಲ್ಲೆಲ್ಲ ಅವರು ಮೊದಲು ಬಿಲದ ಒಳಗೆ ಹೋಗಿ ನೋಡುತ್ತಿದ್ದರು. ಅದು ಯಾರದೆಂದು ಹೊರಗೆ ಬಂದ ಮೇಲೆ ಕೇಳುತ್ತಿದ್ದರು.

ನೀತಿ: ಅಂಕ ಕೊಡುವವರು ಮಾಡಿದ ಕೆಲಸವನ್ನು ನೋಡಬೇಕು, ಮಾಡಿದವರ ಮಾತನ್ನಲ್ಲ, ತಪ್ಪಾದರೆ ತಿದ್ದಿಕೊಳ್ಳಲು ನಾಚಬಾರದು.