ಆಗರದ ಕೊಂಬು

"ಗುರುಗಳೇ, ನಾನು ಸರಿಯಾಗಿಯೇ ಹೇಳಿದ್ದೆ, ಜನರೇ ಕಿವಿಗೆ ಹಾಕಿಕೊಳ್ಳಲಿಲ್ಲ. ಇದರಲ್ಲಿ ನನ್ನ ತಪ್ಪು ಏನು?"

ಕೇಳಿದವನು ಸುಧನ್ವ. ಒಂದು ಸುದ್ದಿವಾಹಿನಿಯಲ್ಲಿ ಮಳೆ, ಗಾಳಿ, ಬಿಸಿಲಿನ ವರ್ತಮಾನ ಹೇಳುವವನು. ಚಿಕ್ಕಂದಿನಲ್ಲಿ ಇದೇ ಮಠದಲ್ಲಿ ಉಂಡು ಓದಿದವನಾದ್ದರಿಂದ ಮನಸ್ಸು ಕೆಟ್ಟಾಗ ಇಲ್ಲಿಗೆ ಬರುವುದು ರೂಢಿ. ಹಿಂದಿನ ವಾರ ಹೊಳೆಯ ದಂಡೆಯ ಕೇರಿಯೊಂದಕ್ಕೆ ನೀರು ನುಗ್ಗಿ, ಗೋಡೆ ಕುಸಿದು, ಒಬ್ಬ ತಾಯಿ ಮತ್ತು ಮಗಳು ಸತ್ತಿದ್ದರು. ಮನೆ ಬಿಟ್ಟು ಹೊರಡಿ ಎಂದು ಅವನು ಬೆಳಗಿನಿಂದ ಗಂಟಲು ಹರಿಯುವಂತೆ ಕೂಗಿದ್ದ. ಕೇರಿಯಲ್ಲಿ ಒಬ್ಬರೂ ಕದಲಿರಲಿಲ್ಲ. ಅಂದಿನಿಂದ ಅವನಿಗೆ ಅನ್ನ ಸೇರುತ್ತಿರಲಿಲ್ಲ. ನಾಳೆ ಮತ್ತೆ ಕ್ಯಾಮೆರಾದ ಮುಂದೆ ನಿಲ್ಲಬೇಕು. ಅದಕ್ಕೆ ಮುಂಚೆ, ನಿನ್ನ ತಪ್ಪು ಏನೂ ಇಲ್ಲಪ್ಪ ಎಂದು ಗುರುಗಳ ಬಾಯಿಂದ ಹೇಳಿಸಿಕೊಂಡು ಹೋಗಬೇಕೆಂದೇ ಬಂದಿದ್ದ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡರು.

"ಮಠದ ಅಡುಗೆಮನೆಯಲ್ಲೂ ಒಂದು ಟೀವಿ ಇದೆ. ನಿನ್ನ ಕೂಗು ಧ್ಯಾನಕ್ಕೆ ಕೂತವನನ್ನೂ ಎಬ್ಬಿಸುತ್ತದೆ. ನಮ್ಮ ಅಡುಗೆಯ ಪುಟ್ಟಶಂಕರ ಇದ್ದಾನಲ್ಲ, ನೀನು ಮಹಾಪ್ರಳಯ ಎಂದ ದಿನ ಅವನು ಹಪ್ಪಳ ಒಣಹಾಕುತ್ತಾನೆ. ಹಿಂದಿನ ವಾರದವರೆಗೆ ಒಂದು ಹಪ್ಪಳವೂ ನೆನೆದಿರಲಿಲ್ಲ."

ಸುಧನ್ವ ನಗಲು ನೋಡಿದ. ನಗು ಬರಲಿಲ್ಲ.

"ಸರಿ, ಒಂದು ಕತೆ ಹೇಳುತ್ತೇನೆ. ಕೇಳಿ ಆಮೇಲೆ ಹೊರಡುವೆಯಂತೆ" ಎಂದು ಗುರುಗಳು ಹೇಳತೊಡಗಿದರು.

ಕಡಲ ಬದಿಯ ಒಂದು ಊರಿನಲ್ಲಿ ಉಪ್ಪಿನ ಆಗರವಿತ್ತು. ಉಬ್ಬರದ ನೀರನ್ನು ತೂಬಿನಿಂದ ಒಳಗೆ ಬಿಟ್ಟು, ಮಡಿಗಳಲ್ಲಿ ನಿಲ್ಲಿಸಿ, ಬಿಸಿಲಿಗೆ ಆರಿಸಿ, ತಳದಲ್ಲಿ ಕೂತ ಉಪ್ಪನ್ನು ಹಲಗೆಯಿಂದ ಎಳೆದು ಬದುವಿನ ಮೇಲೆ ರಾಶಿ ಹಾಕುವುದು ಅಲ್ಲಿಯವರ ಕಸುಬು. ಉಪ್ಪಿನವರಿಗೆ ಮಳೆಯಂಥ ಶತ್ರು ಇನ್ನೊಂದಿಲ್ಲ. ಆದರೆ ಬೆನ್ನು ಬಾಗಿಸಿ ದುಡಿಯುವವರಿಗೆ ಬಾನು ಎಲ್ಲಿ ಕಾಣಬೇಕು? ಅದಕ್ಕೇ ಪಕ್ಕದ ದಿಬ್ಬದ ಮೇಲೆ ಒಬ್ಬ ಕಾವಲುಗಾರನನ್ನು ನಿಲ್ಲಿಸಿ ಅವನ ಕೈಗೆ ಕೊಂಬು ಕೊಟ್ಟಿದ್ದರು. ಒಮ್ಮೆ ಊದಿದರೆ ತಲೆಯೆತ್ತಿ ಬಾನು ನೋಡಬೇಕು. ಎರಡು ಸಲ ಊದಿದರೆ ರಾಶಿಗೆ ತೆಂಗಿನ ಮಡಲು ಮುಚ್ಚಬೇಕು. ಮೂರು ಸಲ ಊದಿದರೆ ತೂಬಿನ ಕದ ಇಳಿಸಿ ನೀರು ತಡೆದು, ಇದ್ದದ್ದನ್ನು ಇದ್ದಲ್ಲೇ ಬಿಟ್ಟು ದಿಬ್ಬ ಹತ್ತಬೇಕು. ಅದು ಅಜ್ಜಂದಿರ ಕಾಲದ ಕಟ್ಟುಪಾಡು. ಮೂರು ಕೂಗು ಕೇಳದೆಯೇ ಮುಪ್ಪಾದವರೂ ಆ ಊರಲ್ಲಿದ್ದರು.

ಬೀರಣ್ಣ ಎಂಬವನು ಕಾವಲಿಗೆ ಬಂದ. ಕಣ್ಣು ಚುರುಕು. ಕೆಟ್ಟವನೇನಲ್ಲ. ಆದರೆ ದಿನವಿಡೀ ದಿಬ್ಬದ ಮೇಲೆ ಒಂಟಿ. ಒಮ್ಮೆ ಊದುತ್ತಾನೆ, ಕೆಳಗಿನವರು ಬಾನು ನೋಡುತ್ತಾರೆ. ಅವನನ್ನು ಯಾರೂ ನೋಡುವುದಿಲ್ಲ. ಇದು ಅವನಿಗೆ ಒಳಗೊಳಗೇ ಚುಚ್ಚುತ್ತಿತ್ತು.

ಒಂದು ಮಧ್ಯಾಹ್ನ ಕಡಲ ಮೇಲೆ ಮೋಡ ಎದ್ದಿತು. ಎರಡು ಊದಿದ್ದರೆ ಸಾಕಿತ್ತು. ಗಾಬರಿಯಲ್ಲಿ ಮೂರು ಊದಿಬಿಟ್ಟ. ಇಡೀ ಆಗರವೇ ಏದುಸಿರು ಬಿಡುತ್ತ ದಿಬ್ಬಕ್ಕೆ ಓಡಿಬಂತು. ಮಳೆ ನಾಲ್ಕು ಹನಿ ಉದುರಿಸಿ ಹೋಯಿತು. ಯಾರೂ ಬೈಯಲಿಲ್ಲ. "ಹೆಚ್ಚಾದರೆ ಅಡ್ಡಿಯಿಲ್ಲ ಮಾರಾಯ, ಕಡಿಮೆಯಾಗದಿದ್ದರೆ ಸರಿ" ಎಂದರು. ಯಾರೋ ಎಳನೀರು ಕೆತ್ತಿ ಕೊಟ್ಟರು. ಅವನ ಸುತ್ತ ಕೂತು ಮೋಡ ಹೇಗಿತ್ತು ಎಂದು ಕೇಳಿದರು. ಅವನು ಹೇಳಿದ. ಹೇಳುತ್ತ ಹೇಳುತ್ತ ಮೋಡ ಸ್ವಲ್ಪ ದೊಡ್ಡದಾಯಿತು.

ಆ ರುಚಿ ಹತ್ತಿದ ಮೇಲೆ ಕೇಳಬೇಕೆ? ಅಂಗೈಯಗಲದ ಮೋಡಕ್ಕೂ ಮೂರು. ಹೊಳೆಯಾಚೆಯ ಆಗರದಲ್ಲಿ ಇನ್ನೊಬ್ಬ ಕಾವಲುಗಾರನಿದ್ದ. ಅವನು ಎರಡು ಊದಿದ್ದು ಕೇಳಿಸಿದರೆ ಇವನು ಮೂರು ಊದದೆ ಬಿಡುತ್ತಿರಲಿಲ್ಲ. ಬರಿಯ ಕೊಂಬು ಸಾಲದೆ, ತಲೆಯ ಮುಂಡಾಸು ಬಿಚ್ಚಿ ಬೀಸುತ್ತ ದಿಬ್ಬದಿಂದ ಓಡಿ ಇಳಿಯುವುದನ್ನೂ ಕಲಿತ.

ಸುಧನ್ವ ನಡುವೆ ಬಾಯಿ ಹಾಕಿದ. "ಆದರೆ ಅವನು ಸುಳ್ಳು ಹೇಳಲಿಲ್ಲವಲ್ಲ ಗುರುಗಳೇ. ಮೋಡ ಇತ್ತಲ್ಲ?"

"ಇತ್ತು. ಮೋಡವಿಲ್ಲದೆ ಅವನು ಒಂದು ದಿನವೂ ಊದಿದವನಲ್ಲ. ಆ ಧೈರ್ಯದ ಮೇಲೇ ಅವನಿಗೆ ನಿದ್ದೆ ಬರುತ್ತಿತ್ತು" ಎಂದು ಗುರುಗಳು ಮುಂದುವರಿಸಿದರು.

ಮೂರು ಕೂಗಿಗೆ ತೂಬು ಇಳಿಸಿದರೆ ಆ ಹೊತ್ತಿನ ಉಬ್ಬರ ತಪ್ಪುತ್ತದೆ. ಮಡಿಗೆ ನೀರಿಲ್ಲ, ದಿನದ ದುಡಿಮೆ ಮಣ್ಣುಪಾಲು. ಬಡವರು ಎಷ್ಟು ಸಲ ಓಡಿಯಾರು? ಯಾರೂ ಕೂತು ಮಾತಾಡಿ ತೀರ್ಮಾನ ಮಾಡಲಿಲ್ಲ, ಜನ ತಾವಾಗಿಯೇ ಕಲಿತುಕೊಂಡರು. ಮೂರು ಊದಿದಾಗ ತಲೆಯೆತ್ತಿ ಬಾನು ನೋಡುವುದು, ಮತ್ತೆ ಬಾಗುವುದು. "ಬೀರಣ್ಣನ ಮೂರು ಅಂದರೆ ನಮ್ಮ ಒಂದು" ಎಂದು ಹೆಂಗಸರು ನಗುತ್ತಿದ್ದರು. ಆ ಮಾತು ಬೀರಣ್ಣನ ಕಿವಿಗೂ ಬಿತ್ತು. ಅವನೂ ಅವರ ಜೊತೆ ನಕ್ಕ. ಬೇರೆ ಏನು ಮಾಡಬೇಕೆಂದು ಅವನಿಗೆ ತೋಚಲಿಲ್ಲ.

ಒಂದು ದಿನ ಗಾಳಿ ಥಟ್ಟನೆ ನಿಂತುಹೋಯಿತು. ಬೀರಣ್ಣ ತಿರುಗಿ ನೋಡುತ್ತಾನೆ, ಕಡಲಿನ ಅಂಚು ಇಲ್ಲ. ಅಲ್ಲಿ ಕಪ್ಪಗೆ ಏನೋ ಎದ್ದು ನಿಂತಿದೆ. ಕೊಂಬೆತ್ತಿ ಮೂರು ಸಲ ಊದಿದ.

ಕೆಳಗೆ ಗಂಗಜ್ಜಿ ಎಂಬ ಮುದುಕಿ ಉಪ್ಪು ಎಳೆಯುತ್ತಿದ್ದಳು. ಅವಳು ತಲೆಯೆತ್ತಿ ಬಾನು ನೋಡಿದಳು. ನೆತ್ತಿಯ ಮೇಲೆ ಬಿಸಿಲು ಹಾಗೆಯೇ ಇತ್ತು. ಮತ್ತೆ ಬಾಗಿದಳು. ಅವಳ ಮಗ ತಿಮ್ಮು ತೂಬಿನ ಬಳಿ ಇದ್ದ. ಅವನೂ ನೋಡಿ, ತೂಬು ಎತ್ತಿದ್ದನ್ನು ಹಾಗೆಯೇ ಬಿಟ್ಟ. ಬೀರಣ್ಣ ಮತ್ತೆ ಊದಿದ. ನಾಲ್ಕು, ಐದು, ಉಸಿರು ಇರುವಷ್ಟು ಊದಿದ. ಮೂರಕ್ಕಿಂತ ಹೆಚ್ಚಿನ ಕೂಗಿಗೆ ಆ ಊರಿನಲ್ಲಿ ಅರ್ಥವೇ ಇರಲಿಲ್ಲ. "ಇವತ್ತು ಬೀರಣ್ಣನಿಗೆ ಹುರುಪು ಜಾಸ್ತಿ" ಎಂದು ಯಾರೋ ಅಂದರು. ಅವನು ಮುಂಡಾಸು ಬಿಚ್ಚಿ ಬೀಸುತ್ತ ಓಡಿ ಇಳಿದ. ಅದನ್ನೂ ಅವರು ಎಷ್ಟೋ ಸಲ ನೋಡಿದ್ದರು.

ಬಿರುಗಾಳಿ ಬಂತು. ಕಡಲು ಬದು ದಾಟಿತು. ವರ್ಷದ ಉಪ್ಪೆಲ್ಲ ಕರಗಿ ಬಂದಲ್ಲಿಗೇ ಹೋಯಿತು. ಹೆಚ್ಚಿನವರು ಹೇಗೋ ದಿಬ್ಬ ಸೇರಿ ಜೀವ ಉಳಿಸಿಕೊಂಡರು. ತಿಮ್ಮು ಕಡೆಯ ಗಳಿಗೆಯಲ್ಲಿ ತೂಬು ಇಳಿಸಲು ಹೋಗಿ ನೀರುಪಾಲಾದ.

ಅವನ ಮಣ್ಣು ಮುಗಿದ ಮರುದಿನ ಗಂಗಜ್ಜಿ ಕೋಲೂರಿಕೊಂಡು ದಿಬ್ಬ ಹತ್ತಿ ಬಂದಳು. ಬೀರಣ್ಣ ದೂರದಿಂದಲೇ ಕಂಡ. ಬೈಯಲಿ, ಮುಖಕ್ಕೆ ಉಗಿಯಲಿ, ಮಣ್ಣು ತೂರಿ ಶಾಪ ಹಾಕಲಿ ಎಂದು ಕಾದು ಕೂತ. ಹಾಗೆ ಮಾಡಿದರೆ ತನ್ನ ಎದೆ ಹಗುರಾದೀತು ಎಂಬ ಆಸೆ ಅವನಿಗೆ. ಅಜ್ಜಿ ಬಂದು ಅವನ ಪಕ್ಕದಲ್ಲಿ ಕೂತಳು. ಸುಧಾರಿಸಿಕೊಂಡು ಅವನ ಕೈ ಹಿಡಿದಳು.

"ನೀನು ಮೂರು ಊದಿದ್ದು ನನಗೆ ಕೇಳಿತ್ತು ತಮ್ಮಾ. ಹಿರಿಯರು ಹಾಕಿದ ಕಟ್ಟು ಮುರಿದವರು ನಾವು. ನನ್ನ ಮಗನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನಿನ್ನನ್ನು ಕಂಡು ನಕ್ಕಿದ್ದೂ ಉಂಟು. ಅದನ್ನೆಲ್ಲ ಹೊಟ್ಟೆಗೆ ಹಾಕಿಕೋ. ನೀನು ಮನಸ್ಸಿಗೆ ಹಚ್ಚಿಕೊಂಡು ಕೊರಗಬೇಡ."

ಮಗನನ್ನು ಕಳೆದುಕೊಂಡವಳು ಅವನಲ್ಲಿ ಕ್ಷಮೆ ಕೇಳುತ್ತಿದ್ದಳು. ಬೀರಣ್ಣನಿಗೆ ಕೂತ ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು. ಅವಳ ಕೈಯಿಂದ ತನ್ನ ಕೈ ಬಿಡಿಸಿಕೊಳ್ಳಲೂ ಆಗದೆ, ಇಟ್ಟುಕೊಳ್ಳಲೂ ಆಗದೆ ಒದ್ದಾಡಿದ. ಕಟ್ಟು ಮುರಿದವನು ನಾನಜ್ಜಿ, ಮೂರು ಕೂಗಿನ ಬೆಲೆ ಕಳೆದವನು ನಾನು ಎಂಬ ಮಾತು ಗಂಟಲವರೆಗೆ ಬಂತು. ಅಜ್ಜಿ ಅವನ ಮುಖವನ್ನೇ ನೋಡುತ್ತಿದ್ದಳು.

ಗುರುಗಳು ಅಲ್ಲಿಗೆ ನಿಲ್ಲಿಸಿ, ಪಕ್ಕದ ತಂಬಿಗೆಯಿಂದ ನೀರು ಕುಡಿದರು.

ಸುಧನ್ವನ ಕಣ್ಣು ತುಂಬಿತ್ತು. ಕೊನೆಗೆ ತಡೆಯಲಾರದೆ, "ಬೀರಣ್ಣ ಅಜ್ಜಿಗೆ ಏನು ಹೇಳಿದ ಗುರುಗಳೇ?" ಎಂದು ಕೇಳಿದ.

ಗುರುಗಳು ತಂಬಿಗೆ ಕೆಳಗಿಟ್ಟರು.

"'ನಾನು ಸರಿಯಾಗಿಯೇ ಊದಿದ್ದೆ, ನೀವೇ ಕಿವಿಗೆ ಹಾಕಿಕೊಳ್ಳಲಿಲ್ಲ, ಇದರಲ್ಲಿ ನನ್ನ ತಪ್ಪು ಏನು' ಎಂದ."